ದೀಪ ಆರಿಸುವವಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೆಳಕಿನಕ್ಕ ಎಂದೇ ಕರೆಯುತ್ತಿದ್ದರು. ವಿಡಿಯೊ ಗೇಮ್ ತಯಾರಿಸುವ ಚಿಕ್ಕ ಕಂಪನಿ ಅದು. ಬೇಕರಿಯೊಂದರ ಮೇಲಿನ ಎರಡು ಮಹಡಿ, ಹನ್ನೊಂದು ಜನ. ಒಬ್ಬ ಗೋಡೆ ಕಟ್ಟುತ್ತಿದ್ದ, ಒಬ್ಬ ಸದ್ದು ಕೂರಿಸುತ್ತಿದ್ದ, ಒಬ್ಬಳು ಪರದೆಯ ಮೇಲಿನ ಮನುಷ್ಯರಿಗೆ ನಡಿಗೆ ಕಲಿಸುತ್ತಿದ್ದಳು. ಕಟ್ಟಿ ಮುಗಿದ ಕೋಣೆ ಅವಳ ಕಂಪ್ಯೂಟರಿಗೆ ಬರುವಾಗ ಬೋಳು ಬೋಳಾಗಿ, ಎಲ್ಲ ಮೂಲೆಯೂ ಒಂದೇ ಸಮ ಬೆಳಗಿ, ಆಸ್ಪತ್ರೆಯ ಉಗ್ರಾಣದಂತೆ ಕಾಣುತ್ತಿತ್ತು. ದೀಪ ಎಲ್ಲಿರಬೇಕು, ಅದು ಹಳದಿಯೋ ಬಿಳಿಯೋ, ಮಂಚದ ನೆರಳು ಗೋಡೆ ಹತ್ತಬೇಕೋ ನೆಲದಲ್ಲೇ ನಿಲ್ಲಬೇಕೋ ಎಂದು ಗೊತ್ತುಮಾಡುವವಳು ಅವಳು. ಹೆದರಿಕೆ ಹುಟ್ಟಿಸುವ ಆಟದಲ್ಲಿ ಅರ್ಧ ಕೆಲಸ ಬೆಳಕಿನದೇ. ಆಡುವವನು ಬೆಳಕು ಕಂಡ ಕಡೆ ನಡೆಯುತ್ತಾನೆ, ಕತ್ತಲೆ ಕಂಡ ಕಡೆ ಉಸಿರು ಹಿಡಿಯುತ್ತಾನೆ. ಅವನನ್ನು ಎಳೆದೊಯ್ಯುವ ದಾರ ಅವಳ ಕೈಯಲ್ಲಿರುತ್ತಿತ್ತು.

ಎರಡು ವರ್ಷದಿಂದ ಅವರು ಮಾಡುತ್ತಿದ್ದ ಆಟದ ಹೆಸರು ‘ಒಳಮನೆ’. ಅದರಲ್ಲಿ ಏಳು ಕೋಣೆಯ ಮನೆಯಲ್ಲಿ ಒಬ್ಬ ಮುದುಕಿ. ತಾನು ಯಾರೆಂಬುದು ಅವಳಿಗೆ ಮರೆತುಹೋಗಿದೆ. ಆಡುವವರು ಅವಳನ್ನು ಕೋಣೆಯಿಂದ ಕೋಣೆಗೆ ನಡೆಸಿ, ಬಾಚಣಿಗೆ, ಕನ್ನಡಕದ ಪೆಟ್ಟಿಗೆ, ಒಂಟಿ ಚಪ್ಪಲಿ ಹೀಗೆ ಒಂದೊಂದೇ ವಸ್ತು ಹುಡುಕಿ ಅವಳ ನೆನಪನ್ನು ಜೋಡಿಸಬೇಕು. ಪ್ರತಿ ಕೋಣೆಯಲ್ಲೂ ಒಂದು ಮೇಜಿನ ದೀಪ. ಅದು ಉರಿಯುತ್ತಿರುವ ತನಕ ಮುದುಕಿಗೆ ಭಯವಿಲ್ಲ. ಆದರೆ ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಮುಖವಿಲ್ಲ, ಎತ್ತರದ ಮೈ, ಒದ್ದೆ ಕೈ. ಅವಳು ಬಂದು ದೀಪ ಆರಿಸುತ್ತಾಳೆ. ಆರಿಸಿ ಬಾಗಿಲಲ್ಲಿ ನಿಲ್ಲುತ್ತಾಳೆ. ತಂಡದವರು ಅವಳಿಗಿಟ್ಟ ಹೆಸರು ‘ಆರಿಸುವವಳು’. ಅವಳು ಮುಟ್ಟಿದರೆ ಆಟ ಮುಗಿಯಿತು. ಪರದೆಯ ಮೇಲೆ ‘ದೀಪ ಆರಿತು’ ಎಂದು ಬರುತ್ತದೆ.

ತಂಡದ ಮುಖ್ಯಸ್ಥನಿಗೆ ಮಾತಿಗೊಂದು ಪಾಠ ಮಾಡುವ ಚಟ, ಹಾಗಾಗಿ ಅವನಿಗೆ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಹೊಸಬರು ಯಾರೇ ಬರಲಿ, ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳುತ್ತಿದ್ದ. “ದೀಪ ಅಂದ್ರೆ ನೆನಪು. ಬಟ್ಟೆ ಮುಚ್ಚಿದ ಕನ್ನಡಿ ಅಂದ್ರೆ ಅವಳು ನೋಡೋಕೆ ಒಲ್ಲದ ಸತ್ಯ. ಬಾಗಿಲ ಗಂಟೆ ಅಂದ್ರೆ ಬಂಧನ. ಆರಿಸೋಳು ಅಂದ್ರೆ...” ಇಲ್ಲಿಗೆ ಬಂದಾಗ ಒಂದು ಕ್ಷಣ ತಡೆದು, “ನಂಬಿದವರೇ ಮಾಡೋ ದ್ರೋಹ,” ಎನ್ನುತ್ತಿದ್ದ.

ಈ ‘ಆರಿಸುವವಳು’ ಹುಟ್ಟಿದ್ದು ಬೆಳಕಿನಕ್ಕನ ಬಾಯಿಂದ. ಆಟ ಶುರುವಾಗುವ ಮುಂಚೆ ಮೇಷ್ಟ್ರು ಎಲ್ಲರನ್ನೂ ಸುತ್ತ ಕೂರಿಸಿ, ನಿಮ್ಮ ನಿಮ್ಮ ಭಯ ಹೇಳಿ ಎಂದಿದ್ದ. ಒಬ್ಬ ಲಿಫ್ಟ್ ಎಂದ, ಒಬ್ಬಳು ಹಲ್ಲಿನ ಡಾಕ್ಟರು ಎಂದು ನಗಿಸಿದಳು. ಇವಳ ಸರದಿ ಬಂದಾಗ, ಒಬ್ಬ ಹೆಂಗಸು ಬಂದು ದೀಪ ಆರಿಸಿ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಲ್ಲುವುದನ್ನು ಹೇಳಿದಳು. ಕನಸಿನಲ್ಲಿ ಕಂಡದ್ದು ಎಂದಳು. ಮೇಷ್ಟ್ರು ಪೆನ್ನು ಕೆಳಗಿಟ್ಟು, “ಸಿಕ್ತು,” ಎಂದ.

ಅದು ಕನಸಲ್ಲ. ಅವಳ ಅಮ್ಮ ಹೇಳಿದ್ದು.

ಅಮ್ಮ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು. ಅರ್ಧ ಊರಿನ ನಂಬರು ಬಾಯಲ್ಲೇ ಇರುತ್ತಿತ್ತು. ನಿವೃತ್ತಿಯಾಗಿ ಎಂಟು ವರ್ಷಕ್ಕೆ ಒಂದೊಂದೇ ಜಾರತೊಡಗಿ, ಕೊನೆಗೆ ಒಲೆ ಹಚ್ಚಿದ್ದು ಮರೆತು, ಸ್ನಾನ ಮಾಡಿದ್ದು ಮರೆತು, ಮನೆಯ ದಾರಿಯೂ ಮರೆಯಿತು. ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಸಂಜೆ ಹೊತ್ತು ಸ್ವಲ್ಪ ಗಾಬರಿಯಾಗುತ್ತಾರೆ, ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನೋಡಿಕೊಂಡವಳು ಬೆಳಕಿನಕ್ಕನ ತಂಗಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಅದನ್ನು ಬಿಟ್ಟು ಮನೆಯಲ್ಲಿ ಕೂತಳು. ಅಕ್ಕ ಊರಿನ ಇನ್ನೊಂದು ತುದಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ, ಕಚೇರಿಗೆ ಹತ್ತಿರವೆಂದು ಬಾಡಿಗೆ ಕೋಣೆಯಲ್ಲಿದ್ದಳು. ತಿಂಗಳ ಔಷಧಿ ಅವಳ ಕಡೆಯಿಂದ. ಭಾನುವಾರ ಹನ್ನೊಂದಕ್ಕೆ ಬರುತ್ತಿದ್ದಳು, ಬಸ್ಸು ತುಂಬುವ ಮುಂಚೆ ನಾಲ್ಕಕ್ಕೆ ಹೊರಡುತ್ತಿದ್ದಳು.

ಆ ಐದು ಗಂಟೆ ಅಮ್ಮ ಅಮ್ಮನಂತೆಯೇ ಇರುತ್ತಿದ್ದಳು. ತಲೆ ಬಾಚಿಕೊಂಡು, ಗುಂಡಿ ಸರಿಯಾಗಿ ಹಾಕಿದ ನೀಲಿ ಅಂಗಿಯಲ್ಲಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು. “ಸೊರಗಿದ್ದೀಯಲ್ಲೇ, ಆ ಆಫೀಸಿನವರು ಊಟಕ್ಕೆ ಬಿಡ್ತಾರೋ ಇಲ್ವೋ?” ಎಂದು ಕೇಳುತ್ತಿದ್ದಳು. ಹೆಸರುಗಳು ತಪ್ಪುತ್ತಿದ್ದವು, ಅಷ್ಟೇ. ಇಷ್ಟಕ್ಕೆ ತಂಗಿಯ ಕಣ್ಣ ಕೆಳಗೆ ಯಾಕಿಷ್ಟು ಕಪ್ಪು ಎಂದು ಅಕ್ಕನಿಗೆ ಒಳಗೊಳಗೇ ಅನ್ನಿಸುತ್ತಿತ್ತು.

ಒಂದು ಭಾನುವಾರ ತಂಗಿ ಹಾಸಿಗೆಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಾಗ ಅಮ್ಮ ಅಕ್ಕನ ಮಣಿಕಟ್ಟು ಹಿಡಿದು ಹತ್ತಿರಕ್ಕೆಳೆದಳು.

“ನಿನ್ನ ತಂಗಿ ಒಳ್ಳೆಯವಳು. ಹಗಲು ಒಳ್ಳೆಯವಳು. ಸಂಜೆ ಆದ್ರೆ ಬೇರೆ ಯಾರೋ ಬರ್ತಾಳೆ.”

“ಯಾರಮ್ಮ?”

“ದೀಪ ಆರಿಸ್ತಾಳೆ. ಆರಿಸಿ ಬಾಗಿಲಲ್ಲಿ ನಿಲ್ತಾಳೆ, ಕೈ ಒರೆಸ್ಕೊಂಡು. ಅವಳಿಗೆ ಹೇಳ್ಬೇಡ, ನಾನು ಹೇಳಿದೆ ಅಂತ.”

ಅಮ್ಮನ ಕೈ ತಣ್ಣಗಿತ್ತು. ಕಣ್ಣಿನಲ್ಲಿ ಮರೆವಿನ ಮಂಪರು ಇರಲಿಲ್ಲ; ಗುಟ್ಟು ಹೇಳುವವರ ಕಣ್ಣಿನಂತೆ ಚುರುಕಾಗಿತ್ತು. ಆಗ ಅಕ್ಕ ಸುತ್ತ ನೋಡಿದಳು. ಕನ್ನಡಿಗೆ ಹೊದಿಕೆ ಕಟ್ಟಿದೆ. ಕಿಟಕಿಯ ಗಾಜಿಗೆಲ್ಲ ಕಂದು ಕಾಗದ ಅಂಟಿಸಿದೆ. ಕೋಣೆಯ ಬಾಗಿಲಿನ ಚಿಲಕಕ್ಕೆ ದನದ ಕೊರಳಿಗೆ ಕಟ್ಟುವಂಥ ಪುಟ್ಟ ಗಂಟೆ. ತಂಗಿ ಕೆಳಗಿಳಿದು ಬಂದಾಗ, “ಏನೇ ಇದು ಅವತಾರ?” ಎಂದು ಕೇಳಿದಳು. ತಂಗಿ ಅಮ್ಮನ ಕಡೆ ಒಮ್ಮೆ ನೋಡಿ, “ಧೂಳು ಬರುತ್ತಕ್ಕ, ಬಿಡು,” ಎಂದಳು. ಹಾಗೆನ್ನುತ್ತ ಒದ್ದೆ ಕೈಯನ್ನು ಸೊಂಟದ ಎರಡೂ ಕಡೆ ಒರೆಸಿಕೊಂಡಳು, ಮೊದಲು ಅಂಗೈ, ಆಮೇಲೆ ಮುಂಗೈ. ಅಕ್ಕ ಆ ಕೈಗಳನ್ನೇ ನೋಡಿದಳು.

ಆಮೇಲಿನ ಭಾನುವಾರಗಳಲ್ಲಿ ಅಮ್ಮ ಅದನ್ನೇ ಹೇಳಿದಳು, ಕೆಲವೊಮ್ಮೆ ಕಣ್ಣೀರು ಹಾಕಿ. ಕೊನೆಯ ಭಾನುವಾರ ಅಕ್ಕ ತಾಳ್ಮೆ ಕಳೆದುಕೊಂಡು, ಅಮ್ಮನನ್ನು ಕತ್ತಲೆಯಲ್ಲಿ ಇಡಬೇಡ ಎಂದು ತಂಗಿಯ ಮೇಲೆ ಕೂಗಾಡಿದಳು. ಬರಿಗೈಯಿಂದಲೇ ಕಿಟಕಿಯ ಕಾಗದವನ್ನೆಲ್ಲ ಪರಪರನೆ ಹರಿದು ಹಾಕಿದಳು. ತಂಗಿ ಎದುರು ಮಾತಾಡದೆ ಹರಿದ ಚೂರುಗಳನ್ನು ಗುಡಿಸಿದಳು. ಅದಾಗಿ ಎರಡೇ ದಿನ. ಮಂಗಳವಾರ ಸಂಜೆ ಏಳೂವರೆಗೆ ಫೋನು ಬಂತು: ಅಮ್ಮ ಬಿದ್ದಿದ್ದಾಳೆ. ಅವಳು ಓಡಿ ಬಂದಾಗ ಮನೆ ಕತ್ತಲಾಗಿತ್ತು, ಪಕ್ಕದ ಮನೆಯಾತ ಟಾರ್ಚು ಹಿಡಿದು ನಿಂತಿದ್ದ, ಆಂಬುಲೆನ್ಸಿನವರು ಅಮ್ಮನನ್ನು ಮೆಟ್ಟಿಲಿಳಿಸುತ್ತಿದ್ದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಅಮ್ಮ ಹೋದಳು.

ಅಕ್ಕ ಏನನ್ನೂ ಕೇಳಲಿಲ್ಲ. ತಂಗಿ ಏನನ್ನೂ ಹೇಳಲಿಲ್ಲ. ತಂಗಿ ಅದೇ ಮನೆಯಲ್ಲಿ ಉಳಿದು ಕನ್ನಡಕದ ಅಂಗಡಿಗೆ ವಾಪಸು ಹೋದಳು. ಅಕ್ಕ ಹದಿನೈದು ದಿನಕ್ಕೊಮ್ಮೆ ಫೋನು ಮಾಡಿ ಊಟ ಆಯ್ತಾ, ಮೈ ಹುಷಾರಾ ಎಂದು ಕೇಳಿ ಇಡುತ್ತಿದ್ದಳು. ಕೇಳದೆ ಉಳಿದ ಪ್ರಶ್ನೆಯನ್ನು ಕಚೇರಿಗೆ ಒಯ್ದು, ಅಲ್ಲಿ ಒಂದೊಂದೇ ಕೋಣೆಯಾಗಿ ಹರಡಿದಳು. ಕನ್ನಡಿಗೆ ಬಟ್ಟೆ ಅವಳೇ ಹೇಳಿ ಹಾಕಿಸಿದ್ದು. ಕಿಟಕಿಗೆ ಕಾಗದ, ಚಿಲಕಕ್ಕೆ ಗಂಟೆ, ಎಲ್ಲ ಅವಳದೇ. ನಡಿಗೆ ಕಲಿಸುವವಳ ಎದುರು ನಿಂತು ಕೈ ಒರೆಸುವುದನ್ನು ತಾನೇ ಮಾಡಿ ತೋರಿಸಿದ್ದಳು. ಮನೆಯವರನ್ನೇ ರಾಕ್ಷಸಿ ಮಾಡುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು. ಇದು ಬರೀ ಆಟ, ಯಾರಿಗೆ ಗೊತ್ತಾಗುತ್ತೆ ಎಂದು ಮತ್ತೆ ಶುರುಮಾಡುತ್ತಿದ್ದಳು.

ಆಟ ಬಿಡುಗಡೆಗೆ ಮೂರು ವಾರ ಇದ್ದಾಗ ಮೇಷ್ಟ್ರಿಗೆ ಹೊಸ ಯೋಚನೆ ಬಂತು. ಇಲ್ಲಿಯ ತನಕ ಆಡಿ ನೋಡಿದವರೆಲ್ಲ ಪಳಗಿದವರು. ಜನ್ಮದಲ್ಲಿ ರಿಮೋಟು ಬಿಟ್ಟರೆ ಬೇರೇನೂ ಹಿಡಿಯದವರು ಆಡಿದರೆ ಹೇಗಿರುತ್ತದೆ ನೋಡಬೇಕು, ಎಲ್ಲರೂ ಮನೆಯಿಂದ ಒಬ್ಬೊಬ್ಬರನ್ನು ಕರೆತನ್ನಿ ಎಂದ. ಅವಳು ಬೇಕಾದರೆ ಮನೆಯೊಡತಿಯನ್ನೋ ಗೆಳತಿಯನ್ನೋ ಕರೆಯಬಹುದಿತ್ತು. ತಂಗಿಗೆ ಫೋನು ಮಾಡಿದಳು. ಬಾಯಿಬಿಟ್ಟು ಕೇಳಲಾಗದ್ದನ್ನು ತಂಗಿಯ ಮುಖದಲ್ಲೇ ಓದಿಬಿಡೋಣ ಎಂಬ ಆಸೆ ಅದು. ತನ್ನ ಬಗ್ಗೆ ಅವಳಿಗೇ ಅಸಹ್ಯವಾಯಿತು, ಆದರೂ ಮಾಡಿದಳು.

ಗುರುವಾರ ಕನ್ನಡಕದ ಅಂಗಡಿಗೆ ಅರ್ಧ ದಿನ ರಜೆ. ತಂಗಿ ಮಧ್ಯಾಹ್ನ ಎರಡಕ್ಕೆ ಬಂದಳು, ಬೇಕರಿಯಿಂದ ಎಲ್ಲರಿಗೂ ಬನ್ನು ಕಟ್ಟಿಸಿಕೊಂಡು. ಐದು ನಿಮಿಷದಲ್ಲಿ ಇಡೀ ತಂಡ ಅವಳ ಸುತ್ತ ಸೇರಿತ್ತು. ಸದ್ದಿನವನ ಕನ್ನಡಕ ಸೊಟ್ಟಗಿರುವುದನ್ನು ಕಂಡು ಅದನ್ನು ಕಳಚಿಸಿ, ಕೈಯಲ್ಲೇ ಬಾಗಿಸಿ, ಸರಿ ಮಾಡಿ ಕೊಟ್ಟಳು. “ಮೂರು ವರ್ಷದಿಂದ ಪ್ರಪಂಚವೇ ವಾಲಿದೆ ಅಂದ್ಕೊಂಡಿದ್ದೆ,” ಎಂದ ಅವನು. ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಅವಳನ್ನು ಕೂರಿಸಿ ಕೈಗೆ ಕಂಟ್ರೋಲರ್ ಕೊಟ್ಟರು.

“ಸಾಯೋದು ಹೇಗೆ ಅಂತ ಮೊದಲೇ ಹೇಳಿಬಿಡಿ. ಬದುಕೋದು ಆಮೇಲೆ ಕಲ್ತ್ಕೋತೀನಿ,” ಎಂದಳು ತಂಗಿ.

ಮುದುಕಿಯನ್ನು ಗೋಡೆಗೆ ಹಾಯಿಸಿದಳು, ಕುರ್ಚಿಗೆ ಎಡವಿಸಿದಳು, “ಅಯ್ಯೋ ಪಾಪ, ಮಂಡಿ ತರಚಿತೇನೋ,” ಎಂದಳು. ಎಲ್ಲರೂ ನಕ್ಕರು. ಮೂರನೇ ಕೋಣೆಯಲ್ಲಿ ನಗು ಕಡಿಮೆಯಾಯಿತು. ಬಾಚಣಿಗೆ ಸಿಕ್ಕಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಿಲಕದ ಗಂಟೆ ಸದ್ದು ಮಾಡಿದಾಗ ಅವಳ ಹೆಬ್ಬೆರಳು ನಿಂತಿತು. ಪಕ್ಕದಲ್ಲಿ ನಿಂತಿದ್ದ ಅಕ್ಕ ಪರದೆ ನೋಡುತ್ತಿರಲಿಲ್ಲ. ತಂಗಿಯ ಕೆನ್ನೆಯ ಮೇಲೆ ಬೀಳುತ್ತಿದ್ದ ಹಳದಿ ಬೆಳಕನ್ನು ನೋಡುತ್ತಿದ್ದಳು.

ಐದನೆಯದು ಕನ್ನಡಿಯ ಕೋಣೆ. ಒಳಗೆ ಹೆಜ್ಜೆಯಿಟ್ಟರೆ ಕನ್ನಡಿಯ ಬಟ್ಟೆ ತಾನಾಗಿಯೇ ಜಾರುತ್ತದೆ. ದೀಪದ ಬೆಳಕಿನಲ್ಲಿ ನಿಂತು ಮುದುಕಿ ತನ್ನ ಮುಖ ನೋಡಿಕೊಂಡರೆ ಒಂದು ನೆನಪು ಸಿಗುತ್ತದೆ. ಇಷ್ಟು ದಿನ ಆಡಿದವರೆಲ್ಲ ಹಾಗೇ ಮಾಡಿದ್ದರು. ಬಟ್ಟೆ ಜಾರಿತು. ಕನ್ನಡಿಯಲ್ಲಿ ಮುದುಕಿಯ ಮುಖ ಮೂಡಿತು.

“ಬೇಡ ಬೇಡ,” ಎಂದಳು ತಂಗಿ ಗಾಬರಿಯಿಂದ. ಮುದುಕಿಯನ್ನು ಓಡಿಸಿಕೊಂಡು ಹೋಗಿ ದೀಪದ ಗುಂಡಿ ಒತ್ತಿದಳು. ಕೋಣೆ ಕತ್ತಲಾಯಿತು.

ಎರಡು ವರ್ಷದಲ್ಲಿ ಒಬ್ಬರೂ ಬೇಕೆಂದೇ ದೀಪ ಆರಿಸಿರಲಿಲ್ಲ. ಕತ್ತಲಾದರೆ ಬರಬೇಕಾದವಳು ಬಂದಳು. ಬಾಗಿಲಲ್ಲಿ ನಿಂತಳು. ಒದ್ದೆ ಕೈಯನ್ನು ಸೊಂಟದ ಎರಡೂ ಕಡೆ ಒರೆಸಿಕೊಂಡಳು, ಮೊದಲು ಅಂಗೈ, ಆಮೇಲೆ ಮುಂಗೈ. ತಂಗಿ ಓಡಲಿಲ್ಲ, ಮತ್ತೆ ದೀಪ ಹಚ್ಚಲಿಲ್ಲ. ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದಳು. ‘ದೀಪ ಆರಿತು’ ಎಂಬ ಅಕ್ಷರ ಬಂದು ಹೋಯಿತು.

ಮೇಷ್ಟ್ರು ಪ್ರಶ್ನೆಗಳ ಹಾಳೆ ತೆಗೆದ. “ದೀಪ ಯಾಕೆ ಆರಿಸಿದ್ರಿ?”

“ಅಭ್ಯಾಸ.”

“ಭಯ ಆಯ್ತಾ?”

“ಇಲ್ಲ,” ಎಂದಳು ತಂಗಿ. “ಬೇಜಾರಾಯ್ತು. ನಾನು ಹೊರಡ್ತೀನಿ.”

ಅವಳು ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ ಹಿಂದೆಯೇ ಓಡಿದಳು. ಬೇಕರಿಯ ಹಿಂದಿನ ಅಂಗಳದಲ್ಲಿ, ಖಾಲಿ ಟ್ರೇಗಳನ್ನು ಪೇರಿಸಿದ್ದ ಕಡೆ, ಹಿಟ್ಟಿನ ಮೂಟೆಯೊಂದರ ಮೇಲೆ ತಂಗಿ ಕೂತಿದ್ದಳು. ಬಿಸಿಲು ಜೋರಾಗಿತ್ತು.

“ಅದು ನಾನು ತಾನೇ?” ಎಂದಳು, ತಲೆಯೆತ್ತದೆ.

“ಅಲ್ವೇ. ಅದು ಬರೀ...”

“ಕೈ ಒರೆಸ್ಕೊಳ್ಳೋದು ನನ್ನದು. ಅಂಗಡೀಲಿ ಎಲ್ಲರೂ ಅದನ್ನೇ ಆಡ್ಕೋತಾರೆ.”

ಅಕ್ಕ ಎದುರಿನ ಟ್ರೇಗಳ ಮೇಲೆ ಕುಸಿದಳು. “ಅಮ್ಮ ಹೇಳಿದ್ದಳು. ಯಾರೋ ಬಂದು ದೀಪ ಆರಿಸಿ ಬಾಗಿಲಲ್ಲಿ ನಿಲ್ತಾರೆ ಅಂತ. ಅಳ್ತಿದ್ದಳು.”

“ಹೇಳಿದ್ದು ನಿಜ. ಆರಿಸ್ತಿದ್ದೆ. ನಿಲ್ತಿದ್ದೆ.” ತಂಗಿ ಬೆರಳಿಗಂಟಿದ ಹಿಟ್ಟನ್ನು ಉಜ್ಜಿದಳು. “ಸಂಜೆ ದೀಪ ಹಾಕಿದ್ರೆ ಅವಳ ಮುಖ ಕನ್ನಡಿಯಲ್ಲಿ ಕಾಣ್ತಿತ್ತು. ಅವಳ ಮನಸ್ಸಲ್ಲಿ ಅವಳಿಗೆ ಮೂವತ್ತು ವರ್ಷ. ಹಾಗಾದ್ರೆ ಅಲ್ಲಿರೋ ಮುದುಕಿ ಯಾರು? ಯಾರೋ ಮನೆಗೆ ನುಗ್ಗಿದ್ದಾಳೆ, ಮಕ್ಕಳನ್ನ ಎತ್ಕೊಂಡು ಹೋಗೋಕೆ ಬಂದಿದ್ದಾಳೆ ಅಂತ ಕಿರುಚೋಳು. ಕೈಗೆ ಸಿಕ್ಕಿದ್ದು ಎಸೆಯೋಳು. ಕನ್ನಡಿ ಮುಚ್ಚಿದೆ. ಕಿಟಕಿ ಗಾಜಲ್ಲಿ ಕಂಡಳು, ಕಾಗದ ಅಂಟಿಸಿದೆ. ಫೋಟೋ ಚೌಕಟ್ಟು ತೆಗೆದಿಟ್ಟೆ. ರಾತ್ರಿ ಎದ್ದು ಹೊರಟುಬಿಡೋಳು, ಚಿಲಕಕ್ಕೆ ಗಂಟೆ ಕಟ್ಟಿದೆ. ಕೊನೆಗೆ ಪಾತ್ರೆ ಮುಚ್ಚಳದಲ್ಲೂ ಕಾಣೋಕೆ ಶುರುವಾದಳು. ಇನ್ನೇನು ಉಳೀತು? ದೀಪ. ಆರಿಸಿದ್ರೆ ಆ ಮುದುಕಿ ಹೋಗೋಳು.”

“ಬಾಗಿಲಲ್ಲಿ...”

“ಹತ್ರ ಹೋದ್ರೆ ನನಗೂ ಹೆದರೋಳು. ಅದಕ್ಕೇ ಬಾಗಿಲಲ್ಲೇ ನಿಂತು ಹೇಳ್ತಿದ್ದೆ. ಹೋದಳಮ್ಮ, ಆ ಹೆಂಗಸು ಹೋದಳು, ಮಕ್ಕಳು ಮಲಗಿದ್ದಾರೆ ಅಂತ. ಅರ್ಧ ಗಂಟೆ, ಒಂದೊಂದ್ಸಲ ಒಂದೂವರೆ ಗಂಟೆ. ಆಮೇಲೇ ಅವಳಿಗೆ ನಿದ್ದೆ ಹತ್ತೋದು. ಹಾಸಿಗೆ ಒದ್ದೆ ಮಾಡ್ಕೊಂಡಿರೋಳು, ನಾನು ಒಗೀತಿದ್ದೋಳು ಹಾಗೇ ಎದ್ದು ಬಂದಿರ್ತಿದ್ದೆ. ಕೈ ಒರೆಸ್ಕೊಳ್ದೆ ಇನ್ನೇನು ಮಾಡ್ಲಿ?”

“ನನಗ್ಯಾಕೆ ಹೇಳ್ಲಿಲ್ಲ?”

“ಯಾವಾಗ ಹೇಳ್ಲಿ? ನೀನು ಬಂದಾಗ ಅವಳು ಪಕ್ಕದಲ್ಲೇ ಇರೋಳು. ವಾರಕ್ಕೊಂದಿನ ತಲೆ ಬಾಚಿಸ್ಕೊಂಡು, ನೀಲಿ ಅಂಗಿನೇ ಬೇಕು ಅಂತ ಹಟ ಮಾಡಿ ಹಾಕಿಸ್ಕೊಂಡು ನಿನಗೋಸ್ಕರ ಕೂತಿರೋಳು. ಅವಳೆದುರಿಗೇ ಇದನ್ನೆಲ್ಲ ಬಿಚ್ಚಿಡ್ಲಾ? ಎರಡು ಸಲ ಫೋನ್ ಮಾಡಿದ್ದೆ. ಮೀಟಿಂಗಲ್ಲಿದ್ದೀನಿ ಅಂದೆ.”

ನಿಜ. ಅವಳಿಗೆ ನೆನಪಾಯಿತು. ನಾಚಿಕೆಯಾದಾಗ ಮನುಷ್ಯರು ಮಾಡುವುದನ್ನೇ ಅವಳೂ ಮಾಡಿದಳು, ಎದುರಿಗಿದ್ದವಳ ಮೇಲೆ ಸಿಟ್ಟಾದಳು.

“ಸರಿ, ಎಲ್ಲ ಸರಿ. ಆದ್ರೆ ಅವತ್ತು ಮಾತ್ರ ದೀಪ ಇದ್ದಿದ್ರೆ ಅವಳು ಬೀಳ್ತಿರ್ಲಿಲ್ಲ. ಅಷ್ಟು ಬಡ್ಕೊಂಡಿದ್ದೆ ನಿನಗೆ, ಕತ್ತಲೇಲಿ ಇಡಬೇಡ ಅಂತ.”

“ಅದನ್ನ ಬಿಡಕ್ಕ.”

“ಯಾಕೆ ಬಿಡ್ಲಿ? ಎರಡು ವರ್ಷ ಬಿಟ್ಟಿದ್ದೀನಿ.”

“ಬಿಡು ಅಂದ್ನಲ್ಲ.”

“ಇಲ್ಲ, ಇವತ್ತು ಹೇಳು. ಯಾಕೆ ಆರಿಸಿದ್ದೆ?”

ಬೇಕರಿಯವನೊಬ್ಬ ಬಂದು ನಾಲ್ಕು ಟ್ರೇ ಎತ್ತಿಕೊಂಡು ಹೋದ. ಅವನು ಒಳಗೆ ಹೋಗುವ ತನಕ ತಂಗಿ ಕಾದಳು.

“ಅವತ್ತು ದೀಪ ಹಾಕಿತ್ತು,” ಎಂದಳು.

ಅಕ್ಕನಿಗೆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು.

“ನೀನು ಭಾನುವಾರ ಕೂಗಾಡಿ ಹೋದ್ಯಲ್ಲ. ನೀನು ದೊಡ್ಡೋಳು, ನಿನಗೆ ನನಗಿಂತ ಗೊತ್ತಿರಬಹುದು ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ನನಗೂ ಸಾಕಾಗಿತ್ತು. ಸೋಮವಾರ ಬೇಗ ಮಲಗಿಬಿಟ್ಟಳು, ಏನೂ ಆಗ್ಲಿಲ್ಲ. ಮಂಗಳವಾರ ದೀಪ ಹಾಕಿಟ್ಟು ಬಟ್ಟೆ ಒಗೆಯೋಕೆ ಕೂತೆ. ಕಿಟಕಿ ಕಾಗದ ನೀನು ಕಿತ್ತು ಹಾಕಿದ್ದೆ. ಮತ್ತೆ ಅಂಟಿಸಿರ್ಲಿಲ್ಲ. ಆ ಗಾಜಲ್ಲಿ ಕಂಡಿದ್ದಾಳೆ. ಹಿಂದೆ ಹಿಂದೆ ಹೆಜ್ಜೆ ಹಾಕಿ ಸ್ಟೂಲಿಗೆ ತಾಗಿ ಬಿದ್ದಿದ್ದಾಳೆ. ನಾನು ಓಡಿ ಬಂದಾಗ ಬಿದ್ದಲ್ಲಿಂದಾನೇ ಗಾಜು ನೋಡಿ ಕಿರುಚ್ತಿದ್ದಳು. ಆಮೇಲೆ ಆರಿಸಿದೆ. ಸುಮ್ಮನಾದಳು. ಆಂಬುಲೆನ್ಸ್ ಬರೋ ತನಕ ಕತ್ತಲೇಲೇ ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ.”

ಹರಿದ ಕಾಗದದ ಅಂಟು ಉಗುರಿನೊಳಗೆ ಸೇರಿ ಸೋಮವಾರವಿಡೀ ಕಿರಿಕಿರಿಯಾಗಿದ್ದು, ಕಚೇರಿಯಲ್ಲಿ ಕೂತು ಅದನ್ನು ಪಿನ್ನಿನಿಂದ ತೆಗೆದದ್ದು ಅಕ್ಕನ ಕಣ್ಣಿಗೆ ಬಂತು.

“ನನಗೆ ಹೇಳ್ಬೇಕಿತ್ತು,” ಎಂದಳು.

“ಹೇಳಿ ಏನಾಗ್ಬೇಕಿತ್ತು? ಇಬ್ಬರೂ ನರಳೋದು ಯಾಕೆ ಅಂತ ಬಿಟ್ಟೆ. ನಾನೇ ಬೀಳಿಸಿದೆ ಅಂತ ನೀನು ಅಂದ್ಕೊಂಡಿದ್ದೀಯ ಅಂತ ಗೊತ್ತಿತ್ತು. ಇರ್ಲಿ, ನನ್ನ ಮೇಲೇ ಇದ್ದುಬಿಡ್ಲಿ ಅಂದ್ಕೊಂಡೆ.” ತಂಗಿ ಎದ್ದು ನಿಂತಳು, ಬಟ್ಟೆಗೆ ಹತ್ತಿದ ಹಿಟ್ಟು ಕೊಡವಿಕೊಂಡಳು. “ಆದ್ರೆ ಅದನ್ನ ಹೀಗೆ ಗೊಂಬೆ ಮಾಡಿ ಊರಿಗೆಲ್ಲ ತೋರಿಸ್ತೀಯ ಅಂತ ಅಂದ್ಕೊಂಡಿರ್ಲಿಲ್ಲ ಅಕ್ಕ.”

ಅಕ್ಕ ಅವಳನ್ನು ತಡೆಯಲು ಎದ್ದಳು. ಗೇಟಿನ ತನಕ ಹೋಗಿ ನಿಂತಳು. ತಂಗಿ ಅಂಗಳದ ಗೇಟು ದಾಟಿ ಬಸ್ ನಿಲ್ದಾಣದ ಕಡೆ ಹೋಗುವುದು, ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು, ಬಸ್ಸು ಬಂದು ಅವಳನ್ನು ಮರೆಮಾಡುವುದು ಎಲ್ಲ ಕಾಣಿಸುತ್ತಿತ್ತು.

ಮರುದಿನ ಅವಳು ಮೇಷ್ಟ್ರ ಎದುರು ಕೂತು ಎಲ್ಲವನ್ನೂ ಹೇಳಿದಳು. ಪಾಠ ಮಾಡುವವನು ಅಂದು ಬಾಯಿಬಿಡದೆ ಕೇಳಿದ. “ಎಲ್ಲ ತಿರುಗಿಸೋಣ. ದೀಪ ಭಯದ್ದಾಗ್ಲಿ, ಕತ್ತಲೆ ಕಾಯೋದಾಗ್ಲಿ,” ಎಂದಳು ಅವಳು. ಅವನು ತಲೆ ಮೇಲೆ ಕೈಹೊತ್ತು ಕೂತ. “ಏಳು ಕೋಣೆ, ಬೆಳಕಿನಕ್ಕ. ಇರೋದು ಮೂರು ವಾರ. ಇದು ನಿಂತ್ರೆ ಹನ್ನೊಂದು ಮನೆ ಒಲೆ ನಿಲ್ಲುತ್ತೆ.” ಅವನು ಕೆಟ್ಟವನಲ್ಲ, ಅವನು ಹೇಳಿದ್ದು ಸುಳ್ಳೂ ಅಲ್ಲ. ಕೊನೆಗೆ ಎರಡಕ್ಕೆ ಒಪ್ಪಿದ. ಕೈ ಒರೆಸುವುದನ್ನು ತೆಗೆಯುವುದು ಒಂದು. ಐದನೇ ಕೋಣೆಯನ್ನು ಅವಳು ತನಗೆ ಬೇಕಾದಂತೆ ಮಾಡಿಕೊಳ್ಳುವುದು ಇನ್ನೊಂದು.

ಮೂರು ವಾರ ಅವಳು ಅದೊಂದೇ ಕೋಣೆಯಲ್ಲಿ ಕೂತಳು. ಕನ್ನಡಿಯ ಮುಂದೆ ಯಾರಾದರೂ ತಾವಾಗಿ ದೀಪ ಆರಿಸಿದರೆ, ಬಾಗಿಲಿಗೆ ಬಂದವಳು ಮುಟ್ಟುವುದಿಲ್ಲ, ಕೊಲ್ಲುವುದಿಲ್ಲ. ಅಲ್ಲೇ ನಿಂತಿರುತ್ತಾಳೆ. ಮುದುಕಿಯ ಉಸಿರು ಮೆಲ್ಲಗೆ ಹದಕ್ಕೆ ಬರುವುದು ಕೇಳಿಸುತ್ತದೆ. ಆ ಕತ್ತಲೆಯನ್ನು ಮಾಡುವುದು ಅವಳು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅವಳಿಗೆ ಗೊತ್ತಿದ್ದ ಕತ್ತಲೆಯೆಲ್ಲ ಹೆದರಿಸುವುದಕ್ಕೆ ಮಾಡಿದ್ದು. ಮಲಗಿಸುವ ಕತ್ತಲೆ ಯಾವ ಬಣ್ಣದ್ದೆಂದು ಅವಳಿಗೆ ತಿಳಿದಿರಲಿಲ್ಲ.

ಆಟ ಬಿಡುಗಡೆಯಾಯಿತು. ಜನ ಮೆಚ್ಚಿದರು. ಅಂತರ್ಜಾಲದಲ್ಲಿ ಉದ್ದುದ್ದ ಬರಹಗಳು ಬಂದವು: ಒಳಮನೆಯಲ್ಲಿ ದೀಪ ಏನನ್ನು ಸೂಚಿಸುತ್ತದೆ, ಒಂಟಿ ಚಪ್ಪಲಿಯ ಅರ್ಥವೇನು. ದೀಪ ಆರಿಸುವವಳು ಮಗಳೇ ಇರಬೇಕು, ತಾಯಿಯ ಆಸ್ತಿಗೆ ಕಾಯುತ್ತಿರುವವಳು ಎಂದು ಒಬ್ಬ ಪುರಾವೆ ಸಮೇತ ಬರೆದಿದ್ದ; ಅದನ್ನು ಸಾವಿರಾರು ಜನ ಹಂಚಿಕೊಂಡಿದ್ದರು. ಉತ್ತರ ಬರೆಯಲು ಹೋಗಿ ನಾಲ್ಕು ಸಲ ಅಳಿಸಿದಳು. ಐದನೇ ಕೋಣೆಯ ಕತ್ತಲೆಯನ್ನು ಕಂಡವನು ಒಬ್ಬನೇ, ಅದೂ ಕೈತಪ್ಪಿ ಗುಂಡಿ ಒತ್ತಿ. ಅವನು ಕಂಪನಿಗೆ ದೂರು ಬರೆದ: ಕನ್ನಡಿಯ ಕೋಣೆಯಲ್ಲಿ ದೀಪ ಆರಿಸಿದರೆ ದೆವ್ವ ಸುಮ್ಮನೆ ನಿಂತುಬಿಡುತ್ತದೆ, ಏನೂ ಮಾಡುವುದಿಲ್ಲ, ದಯವಿಟ್ಟು ಸರಿಪಡಿಸಿ.

ತಂಗಿ ಫೋನು ಎತ್ತುತ್ತಿರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಮೊದಲೆಲ್ಲ ತಾನು ವಾಪಸು ಹೊರಡುತ್ತಿದ್ದ ನಾಲ್ಕು ಗಂಟೆಗೆ ಅಕ್ಕ ಬಸ್ಸು ಹತ್ತಿದಳು. ಬಾಗಿಲು ತೆರೆದ ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಈ ಹೊತ್ತಿಗೆ ಬಂದಿದ್ದೀಯ. ವಾಪಸ್ ಬಸ್ ತುಂಬಿರುತ್ತೆ.”

“ಇಲ್ಲೇ ಇರ್ತೀನಿ. ಇರಬಹುದಾ?”

ತಂಗಿ ದಾರಿ ಬಿಟ್ಟಳು. ಇಬ್ಬರೂ ಒಳಗೆ ಕೂತರು. ಬೀದಿಯಲ್ಲಿ ಬೆಳಕು ಇಳಿಯುತ್ತ ಬಂತು.

“ಸಂಜೆ ಅವಳು ಹೇಗಿರೋಳು ಅಂತ ಹೇಳು,” ಎಂದಳು ಅಕ್ಕ. “ಬರೀ ಕೆಟ್ಟದ್ದಲ್ಲ. ಎಲ್ಲಾನೂ. ನಾನು ಒಂದು ಸಂಜೆನೂ ನೋಡ್ಲಿಲ್ಲ.”

ತಂಗಿ ಒಂದನ್ನು ಹೇಳಿದಳು. ಒಂದು ಸಂಜೆ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಿವಿಗೆ ಇಲ್ಲದ ತಂತಿ ಸಿಕ್ಕಿಸಿಕೊಂಡು, “ನಂಬರ್ ಪ್ಲೀಸ್,” ಎಂದಳಂತೆ. ತಂಗಿ ಬಾಗಿಲಲ್ಲಿ ನಿಂತೇ ಬಾಯಿಗೆ ಬಂದ ನಂಬರು ಹೇಳಿದಳಂತೆ. ಒಂದು ಗಂಟೆ ಕಾಲ ಅಮ್ಮ ಊರಿನವರನ್ನೆಲ್ಲ ಒಬ್ಬರಿಗೊಬ್ಬರನ್ನು ಜೋಡಿಸಿಕೊಟ್ಟಳಂತೆ, ಮಧ್ಯೆ ಮಧ್ಯೆ ಗದರುತ್ತ, “ಲೈನ್ ಹಿಡ್ಕೊಳ್ಳಿ ಸಾರ್, ಕಿರುಚ್ಬೇಡಿ.” ಹೇಳುತ್ತ ಹೇಳುತ್ತ ತಂಗಿಗೆ ನಗು ಬಂತು. ಅಕ್ಕನಿಗೂ ಬಂತು. ನಗು ಎಲ್ಲಿ ಅಳುವಾಗಿ ತಿರುಗಿತೋ ಇಬ್ಬರಿಗೂ ತಿಳಿಯಲಿಲ್ಲ.

ಅಂದಿನಿಂದ ಅವಳು ಭಾನುವಾರಗಳಂದು ಸಂಜೆಗೆ ಬರತೊಡಗಿದಳು. ವಾರಕ್ಕೊಂದು ಸಂಜೆಯಂತೆ ತಂಗಿ ಹೇಳುತ್ತಿದ್ದಳು. ಕೆಲವು ವಾರ ಹೇಳಲು ಮನಸ್ಸಾಗುತ್ತಿರಲಿಲ್ಲ; ಆಗ ಸುಮ್ಮನೆ ಕೂತು ಬಟ್ಟೆ ಮಡಿಸುತ್ತಿದ್ದರು. ಒಂದು ವಾರ ತಂಗಿ ಜಗಳವನ್ನೇ ತೆಗೆದು, “ನೀನು ಬರೋದು ನಿನ್ನ ಮನಸ್ಸಿನ ಭಾರ ಇಳಿಸ್ಕೊಳ್ಳೋಕೆ,” ಎಂದು ಬಾಗಿಲು ಹಾಕಿಕೊಂಡಳು. ಅಕ್ಕ ಹೊರಗಿನ ಕೋಣೆಯಲ್ಲೇ ಕೂತಿದ್ದು ಬೆಳಗ್ಗೆ ಎದ್ದು ಹೋದಳು. ಮುಂದಿನ ವಾರ ಮತ್ತೆ ಬಂದಳು.

ಚಳಿ ಶುರುವಾದ ಒಂದು ಸಂಜೆ ಅವಳು ಬಹಳ ದಿನದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದುದನ್ನು ಕೇಳಿದಳು.

“ಆ ಹೊತ್ತಲ್ಲಿ ನನ್ನನ್ನ ಕೇಳ್ತಿದ್ದಳಾ? ದೊಡ್ಡೋಳು ಎಲ್ಲಿ ಅಂತ?”

ತಂಗಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಅಕ್ಕನ ಮುಖ ನೋಡಿ ಒಂದು ಕ್ಷಣ ತಡೆದಳು. ಹೇಳಬಹುದಾದ ಸುಳ್ಳು ಬಾಯಿಯ ತನಕ ಬಂದು ಹೋದದ್ದು ಕಾಣಿಸಿತು.

“ಸಂಜೆ ಹೊತ್ತು ನಿನ್ನ ನೆನಪು ಅವಳಿಗೆ ಇರ್ತಿರ್ಲಿಲ್ಲ ಅಕ್ಕ,” ಎಂದಳು. “ನನ್ನದೂ ಇರ್ತಿರ್ಲಿಲ್ಲ.”

ಅಕ್ಕ ತಲೆಯಾಡಿಸಿದಳು. ತಂಗಿ ಎದ್ದು ಒಳಗೆ ಹೋಗಿ ಎರಡು ತಟ್ಟೆ ತೆಗೆದಳು, ಅನ್ನ ಬಡಿಸಿದಳು. “ಆರುತ್ತೆ, ಊಟ ಮಾಡು ಬಾ,” ಎಂದು ಕರೆದಳು. ಅಕ್ಕ ಹೋಗಿ ಅವಳ ಪಕ್ಕದಲ್ಲಿ ಕೂತಳು. ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ತಂಗಿ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿ ತನ್ನ ಪಾಡಿಗೆ ತಾನು ಉಣ್ಣತೊಡಗಿದಳು.